ಏಳು ವರ್ಷಕ್ಕೆ ಬಂದ ಮಾತು

ಮುತ್ತಜ್ಜನ ತಮ್ಮ ಹುಟ್ಟಿದಾಗಿನಿಂದ ಏಳು ವರ್ಷ ಮಾತೇ ಆಡದೆ ಇದ್ದು, ಒಂದು ದಿನ ಹಠಾತ್ತನೆ ನಿರರ್ಗಳವಾಗಿ ಮಾತನಾಡಿದನೆಂಬ ಮನೆಯ ಕಥೆಯನ್ನು ನಾನು ಬಾಲ್ಯದಲ್ಲೂ ಪೂರ್ತಿ ನಂಬಿರಲಿಲ್ಲ. ಆಟಿಸಂ ಇರುವ ನನ್ನ ಮಗನಿಗೆ ಅಂಗವಿಕಲರ ಪಿಂಚಣಿ ತಪ್ಪಿದ್ದು ಆ ಕಥೆಯಿಂದಲೇ: ಹೈದರಾಬಾದಿನ ತಪಾಸಣೆಯಲ್ಲಿ ಅವ್ವ ಅದನ್ನು ಹೆಮ್ಮೆಯಿಂದ ಹೇಳಿದಳು, ವೈದ್ಯರು ವೈಕಲ್ಯ ಶಾಶ್ವತವಲ್ಲ, ‘ಸುಧಾರಿಸಬಹುದು’ ಎಂದು ಬರೆದರು.

ಮೇಲ್ಮನವಿಯ ದಿನ ಆಸ್ಪತ್ರೆಯ ಬಾಗಿಲಲ್ಲೇ, “ಅವ್ವಾ, ಇವತ್ತು ಆ ಕಥಿ ಬ್ಯಾಡ,” ಎಂದೆ.

“ನನಗ್ಯಾಕ ಬೇಕವಾ, ಸುಮ್ನ ಕುಂದರ್ತೀನಿ.”

ವೈದ್ಯರು ಮಗನ ಹೆಸರು ಕೇಳಿದರು. ಅವನು ಫ್ಯಾನನ್ನೇ ನೋಡುತ್ತಿದ್ದ. ಅವ್ವನಿಗೆ ತಡೆಯಲಾಗಲಿಲ್ಲ; ನಮ್ಮ ಮನೆಯಲ್ಲಿ ಹೀಗೇ, ಮಾತು ಆಮೇಲೆ ಬರುತ್ತದೆ ಎಂದು ಹೈದರಾಬಾದಿ ಹಿಂದಿಯಲ್ಲಿ ಹೇಳಿಯೇಬಿಟ್ಟಳು.

“ಹಮಾರೇ ಘರ್‌ಮೇ ಐಸಾಚ್ ಹೋತಾ, ಸಾಬ್. ಬಾದ್‌ಮೇ ಬೋಲ್ತೇ.”

“ತೋ ಯೇ ಭೀ ಬೋಲೇಗಾ, ಅಮ್ಮಾ,” ಹಾಗಾದರೆ ಇವನೂ ಮಾತಾಡುತ್ತಾನೆ ಎಂದು ವೈದ್ಯರು ನಕ್ಕರು. ಹಳೆಯ ತೀರ್ಮಾನವೇ ಉಳಿಯಿತು.

ಮತ್ತೆ ಅರ್ಜಿ ಹಾಕುವ ಮೊದಲು, ಮುತ್ತಜ್ಜನ ಆ ತಮ್ಮನಿಗೆ ಮುಪ್ಪಿನಲ್ಲಿ ಉಣಬಡಿಸಿದ್ದ ಅವ್ವನ ಸೋದರತ್ತೆಗೆ ಫೋನ್ ಮಾಡಿ ವಿಚಾರಿಸಿದೆ. ಅವನು ಸಾಯುವತನಕ ಒಂದು ಮಾತೂ ಆಡಿರಲಿಲ್ಲ.