ಬಾಗಿಲಿಗೆ ಬಿದ್ದ ಉಲಾಕ್

ಬೆಳಕು ಹರಿಯುವಷ್ಟರಲ್ಲಿ ಊಲ್ಕಾನ್ ಒಲೆಯ ಬೂದಿ ತೋಡಿ ಹೊರಗೆ ಸುರಿದಿದ್ದಳು. ಬೆರಣಿ ಮುರಿದು ಬೆಂಕಿ ಹಚ್ಚಿದ್ದಳು. ಕಾಲುವೆಯಿಂದ ನಾಲ್ಕು ಬಕೆಟ್ ನೀರು ಹೊತ್ತು ತಂದಿದ್ದಳು. ಮೂರು ಹಸು ಕರೆದಿದ್ದಳು. ಮೂರನೆಯದು ಒದೆಯುವ ಹಸು, ಅದಕ್ಕೆ ಹಿಂಗಾಲು ಕಟ್ಟಬೇಕು. ಹಾಲು ಕಾಯಿಸಿ, ಕೆನೆ ತೆಗೆದು, ರಾತ್ರಿ ನಾದಿಟ್ಟ ಹಿಟ್ಟಿನಿಂದ ಆರು ರೊಟ್ಟಿ ಸುಟ್ಟಿದ್ದಳು. ಅಂಗಳದಲ್ಲಿ ಒಣಹಾಕಿದ ಹುರುಳಿಕಾಯಿ ಬೀಜದ ಮೇಲಿನ ತಾಡಪಾಲನ್ನು, ಅದರ ಮೇಲೆ ಕೂತ ಮಂಜಿನ ಹರಳು ಒಳಗೆ ಬೀಳದ ಹಾಗೆ ಮಡಚಿ ತೆಗೆದಿದ್ದಳು. ಕುದುರೆಗೆ ಬಾರ್ಲಿ ಹಾಕಿ ಲದ್ದಿ ಬಾಚಿದ್ದಳು. ಕುದುರೆ ಗಂಡನದು, ಲದ್ದಿ ಇವಳದು. ಕೊನೆಗೆ ಗಂಡನ ಬೂಟುಗಳಿಗೆ ಕುರಿಬಾಲದ ಕೊಬ್ಬು ತಿಕ್ಕಿದ್ದಳು. ಅವತ್ತು ಶನಿವಾರ, ಬಯಲಲ್ಲಿ ಉಲಾಕ್ ಆಟ. ತಲೆ ಕಡಿದ ಹೋತವೇ ಉಲಾಕ್; ಕುದುರೆ ಮೇಲೆ ಅದಕ್ಕಾಗಿ ಎಳೆದಾಡಿ ಗೆದ್ದವರು ಯಾರದಾದರೂ ಬಾಗಿಲಿಗೆ ಎಸೆಯುತ್ತಾರೆ, ಆ ಮನೆಯವಳು ಅದನ್ನು ತೊಳೆದು ಬೇಯಿಸಿ ಬಡಿಸಬೇಕು.

ತನಗಾಗಿ ಮಾಡಿಕೊಂಡ ಕೆಲಸ ಒಂದೇ. ಬಟ್ಟೆಯ ಚೀಲದಲ್ಲಿ ಒಂದು ಹೊಸ ಸೋಪು, ಎರಡು ಟವೆಲು, ಹಲ್ಲು ಅಗಲವಿರುವ ಮರದ ಬಾಚಣಿಗೆ, ಅಮ್ಮನಿಗೆ ಬೆಚ್ಚನೆಯ ಒಳಅಂಗಿ ಇಟ್ಟು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಳು.

ಅಮ್ಮ ಬುರುಲ್ ಇರುವುದು ಪಕ್ಕದೂರಲ್ಲಿ, ಊಲ್ಕಾನಳ ತಮ್ಮ ಕುಬಾತನ ಮನೆಯಲ್ಲಿ. ಎದ್ದು ನಿಲ್ಲಲಾರಳು. ಸೊಸೆ ಝೂರಾ ನೋಡಿಕೊಳ್ಳುತ್ತಿದ್ದಳು. ಆದರೆ ಹದಿನೈದು ದಿನದ ಹಿಂದೆ ಅವರ ಬಾಗಿಲಿಗೂ ಒಂದು ಉಲಾಕ್ ಬಿದ್ದಿತ್ತು. ಅದನ್ನು ತೊಳೆಯಲು ನೀರು ಹೊರುವಾಗ ಝೂರಾ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಈಗ ಕೈಗೆ ಪಟ್ಟಿ. ಅತ್ತೆಯನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸಲು ಆಗುವುದಿಲ್ಲ. ಮಗ ಮಾಡಿಸಬಹುದಲ್ಲ ಅಂತ ಆ ಕಣಿವೆಯಲ್ಲಿ ಯಾರೂ ಕೇಳುವುದಿಲ್ಲ. ಹೋದ ಶನಿವಾರ ಊಲ್ಕಾನ್ ಹೊರಟು ನಿಂತಾಗ ಇವರ ಬಾಗಿಲಿಗೇ ಉಲಾಕ್ ಬಿತ್ತು. ಹೋಗಲಾಗಲಿಲ್ಲ. ಬುಧವಾರ ಝೂರಾ ಫೋನು ಮಾಡಿ ಗುಟ್ಟಿನಲ್ಲಿ ಹೇಳಿದ್ದಳು: "ಅಕ್ಕ, ಅತ್ತೆ ತಲೆ ಕೆರ್ಕೊಂಡು ಕೆರ್ಕೊಂಡು ರಕ್ತ ಬರ್ತಿದೆ. ನಿಮ್ಮ ಹೆಸರು ಹೇಳ್ತಾರೆ. ಬೆನ್ನೂ ಹುಣ್ಣಾಗ್ತಿದೆ. ಈ ಶನಿವಾರ ತಪ್ಪಿಸ್ಬೇಡಿ."

ಪಕ್ಕದೂರಿಗೆ ದಿನಕ್ಕೊಂದೇ ವ್ಯಾನು, ಮಧ್ಯಾಹ್ನ ಹನ್ನೆರಡಕ್ಕೆ.

ಬೆಳಿಗ್ಗೆ ಚಹಾ ಕುಡಿಯುವಾಗಲೇ ಗಂಡ ಶೈಶೆನನಿಗೆ ಹೇಳಿದಳು. "ಇವತ್ತು ನಮ್ಮ ಬಾಗಿಲಿಗೆ ಬೇಡ. ನಾನು ಅಮ್ಮನ ಹತ್ರ ಹೋಗ್ಬೇಕು."

"ನನ್ನ ಕೈಲೇನಿದೆ? ಗೆದ್ದವರು ಎಲ್ಲಿ ಎಸೀತಾರೋ ಅಲ್ಲಿ ಬರಕತ್ತು," ಎಂದು ಕಾಲು ಮುಂದೆ ಚಾಚಿದ. ಅವನ ಹೊಟ್ಟೆ ಬಗ್ಗಲು ಬಿಡುವುದಿಲ್ಲ. ಊಲ್ಕಾನ್ ಮಂಡಿಯೂರಿ ಬೂಟು ತೊಡಿಸಿದಳು. ಕಾಲುಚೀಲ ನಿನ್ನೆಯದೇ, ಹುಳಿ ಹಿಡಿದ ಮೊಸರಿನ ವಾಸನೆ.

ಹನ್ನೊಂದಕ್ಕೆ ಬೀದಿಯಲ್ಲಿ ಕುದುರೆಗಳ ಸದ್ದು, ಕೂಗು. ಬಾಗಿಲ ಮುಂದೆ ಧೂಳು ಎದ್ದು, ಧೊಪ್ಪೆಂದು ಏನೋ ಬಿತ್ತು. ನೋಡದೆಯೇ ಅವಳಿಗೆ ಗೊತ್ತಾಯಿತು.

ತಲೆಯಿಲ್ಲದ, ಗೊರಸಿಲ್ಲದ ಹೋತ. ಎರಡು ಗಂಟೆ ಹೊತ್ತು ಇಪ್ಪತ್ತು ಗಂಡಸರು ಎಳೆದಾಡಿ, ಕುದುರೆಗಳು ತುಳಿದು, ಮಣ್ಣಿನಲ್ಲಿ ಹೊರಳಿಸಿ, ಕೂದಲೆಲ್ಲ ಬೆವರು, ಜೊಲ್ಲು, ಲದ್ದಿಯಿಂದ ಅಂಟಾದ ಮೂವತ್ತು ಕಿಲೋದ ಮುದ್ದೆ. ಗೆದ್ದ ಹುಡುಗರು "ಕಲ್ಮುರ್ಜಾ ತಾತನ ಹೆಸರಿಗೆ!" ಎಂದು ಕೂಗಿ ಮುಂದೆ ಹೋದರು. ಕಲ್ಮುರ್ಜಾ ಶೈಶೆನನ ಅಪ್ಪ, ತೀರಿಕೊಂಡು ಒಂಬತ್ತು ವರ್ಷ. ಈ ಹುಡುಗರು ಆಗ ಚಡ್ಡಿ ಹಾಕಿಕೊಂಡಿದ್ದವರು. ಅವರ ಬಾಯಿಗೆ ಆ ಹೆಸರು ಕೊಟ್ಟವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಹಿಂದೆಯೇ ಶೈಶೆನ್ ಕುದುರೆಯ ಮೇಲೆ, ಮುಖ ಹುಬ್ಬಿಸಿಕೊಂಡು ಬರುತ್ತಿದ್ದ. ಅವನ ಜೊತೆ ಹಿರಿಯ ಎಶಿಮ್, ಪಕ್ಕದ ಮನೆಯ ಮಂಬೆತ್, ಮತ್ತೆ ಅವಳ ಸ್ವಂತ ತಮ್ಮ ಕುಬಾತ್.

"ನೋಡ್ದೇನೇ, ಎರಡನೇ ವಾರ ಸಾಲಾಗಿ!" ಅಂದ ಶೈಶೆನ್.

"ನಾನು ಬೆಳಿಗ್ಗೆ ಏನು ಹೇಳಿದ್ದೆ?"

"ಬಾಗಿಲಿಗೆ ಬಂದದ್ದನ್ನ ವಾಪಸ್ ಕಳಿಸಿದ ಮನೇಲಿ ಏಳು ವರ್ಷ ತೊಟ್ಟಿಲು ತೂಗಲ್ಲ ಅಂತಾರೆ, ಅತ್ತಿಗೆ," ಎಂದ ಮಂಬೆತ್.

"ನಂಗೆ ನಲವತ್ತೆಂಟು ವರ್ಷ, ಮಂಬೆತ್. ತೊಟ್ಟಿಲು ನೀನೇ ಇಟ್ಕೋ."

ಗಂಡಸರು ನಕ್ಕರು. ಅವಳು ತಮ್ಮನ ಕಡೆ ತಿರುಗಿದಳು. "ಕುಬಾತ್, ಅಮ್ಮ ಕಾಯ್ತಿದಾಳೆ."

"ಅಮ್ಮ ಎಲ್ಲಿಗೆ ಓಡಿಹೋಗ್ತಾಳೆ ಅಕ್ಕ? ಮುಂದಿನ ಶನಿವಾರ ಬಾ. ಇವತ್ತು ಒಂದು ಒಳ್ಳೆ ಸಾರು ಮಾಡು. ನಿನ್ನ ಕೈ ಸಾರು ತಿಂದು ಎಷ್ಟು ದಿನ ಆಯ್ತು!"

ಅವನ ಗಡ್ಡದಲ್ಲಿ ಬೆಳಗಿನ ಕೆನೆ ಒಣಗಿ ಅಂಟಿತ್ತು. ಈ ಮನುಷ್ಯನ ಮೂಗು ಒರೆಸಿ ದೊಡ್ಡವನನ್ನು ಮಾಡಿದವಳು ಅವಳೇ.

ಗಂಡಸರು ಮನೆ ಹಿಂದಿನ ಜರ್ದಾಳು ಮರದ ಕೆಳಗಿನ ಮಂಚದ ಮೇಲೆ ಹೋಗಿ ಕೂತರು. ಅವರಿಗೆ ಚಹಾ, ರೊಟ್ಟಿ, ಕೆನೆ, ಹಿಟ್ಟಿನ ಕರಿದ ತುಂಡುಗಳು. ಊಲ್ಕಾನ್ ಉಲಾಕನ್ನು ಎಳೆದುಕೊಂಡು ಬಂದು ಕಾಲುವೆ ಬದಿಯ ಹಲಗೆಯ ಮೇಲೆ ಹಾಕಿ ಚಾಕು ಮಸೆದಳು. ಹಲಗೆಗೂ ಮಂಚಕ್ಕೂ ನಡುವೆ ಒಂದು ಗೋಡೆಯ ಅಂತರ. ಮಾತೆಲ್ಲ ಕೇಳಿಸುತ್ತಿತ್ತು.

"ಈಗಿನ ಹುಡುಗರು ಆಡೋದು ಆಟಾನಾ?" ಇದು ಎಶಿಮ್. "ನಮ್ಮಪ್ಪ ಹಲ್ಲಲ್ಲಿ ಕಚ್ಚಿ ಎತ್ತೋರು. ಎರಡೂ ಕೈ ಲಗಾಮಲ್ಲಿ."

"ನಿಮ್ಮಪ್ಪನಿಗೆ ಹಲ್ಲೇ ಇರ್ಲಿಲ್ವಲ್ಲ ಎಶಿಮಣ್ಣ?"

"ಅದಕ್ಕೇ ಕಣೋ ಇರ್ಲಿಲ್ಲ!"

ನಗು. ಶೈಶೆನನ ದನಿ ಎಲ್ಲರಿಗಿಂತ ಮೇಲೆ. "ನಮ್ಮಪ್ಪ ಮುರಿದ ಪಕ್ಕೆಲುಬಲ್ಲೇ ಒಂಬತ್ತು ಸಲ ಗೋಲು ಹೊಡೆದ. ನಾನೇನು ಕಮ್ಮಿಯಾ? ಹದಿನೆಂಟರಲ್ಲಿ ಕುದುರೆ ಹೊಟ್ಟೆ ಕೆಳಗಿಂದ ತೂರಿ ಆ ಕಡೆ ಹತ್ತುತಿದ್ದೆ."

ಚರ್ಮದ ಕೆಳಗೆ ಚಾಕು ಹಾಕಿದರೆ ಮಾಂಸ ಎಲ್ಲೆಲ್ಲಿ ಜಜ್ಜಿದೆಯೋ ಅಲ್ಲೆಲ್ಲ ಕರಿನೀಲಿ. ಮರಳು ಮಾಂಸದ ಎಳೆಯೊಳಗೇ ಹೊಕ್ಕಿತ್ತು. ಏಳು ನೀರಲ್ಲಿ ತೊಳೆದರೂ ಹಲ್ಲಿಗೆ ಸಿಗುತ್ತದೆ. ತೊಡೆಯಲ್ಲಿ ಯಾರದೋ ಚಾವಟಿಯ ತುಂಡು ನಾಟಿಕೊಂಡಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ತೆಗೆದಳು. ಉಗುರಿನ ಸಂದಿಗೆ ಕಂದು ಲೋಳೆ ತುಂಬಿಕೊಂಡಿತು. ಈ ಕೈಯಲ್ಲಿ ಅಮ್ಮನ ಕೂದಲು ಮುಟ್ಟುವುದು ಹೇಗೆ?

"ಅತ್ತಿಗೆಯ ಅಪ್ಪಾನೂ ದೊಡ್ಡ ಆಟಗಾರ," ಅಂದ ಮಂಬೆತ್.

"ನಮ್ಮಪ್ಪನಾ!" ಕುಬಾತ್ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಶುರುಮಾಡಿದ. "ನಾನು ಹುಟ್ಟಿದ ದಿನ ಉಲಾಕ್ ಗೆದ್ದು ಸ್ವಂತ ಬಾಗಿಲಿಗೇ ತಂದು ಎಸೆದ್ರಂತೆ. ಸಾರು ಕುದೀತಿರುವಾಗ ನಾನು ಹುಟ್ಟಿದ್ದು! ಮೂಗಿಗೆ ಮೊದಲು ಬಂದ ವಾಸನೇನೇ ಉಲಾಕ್‌ದು. ಗಂಡಸು ಅಂದ್ರೆ ಹೀಗೆ ಹುಟ್ಬೇಕು ಅಂತ ಅಪ್ಪ ಸಾಯೋವರೆಗೂ ಹೇಳೋರು."

ಆ ದಿನ ಊಲ್ಕಾನ್‌ಗೆ ಎಂಟು ವರ್ಷ. ಅವಳು ಕಂಡದ್ದು ಬೇರೆ. ತುಂಬು ಬಸುರಿ ಅಮ್ಮ ಬೆನ್ನು ಹಿಡಿದುಕೊಂಡು ಕೊಪ್ಪರಿಗೆಯ ನೊರೆ ತೆಗೆಯುತ್ತಿದ್ದಳು. ನೀರೊಡೆದು ಕಾಲಗುಂಟ ಇಳಿದಾಗ ಸೌಟನ್ನು ಮಗಳ ಕೈಗೆ ಕೊಟ್ಟು, "ತಳ ಹಿಡಿಯದ ಹಾಗೆ ನೋಡ್ಕೋ," ಎಂದು ಕೊಟ್ಟಿಗೆಗೆ ನಡೆದಳು. ಮನೆ ತುಂಬ ಅತಿಥಿಗಳಿದ್ದರು. ಕಥೆಯಲ್ಲಿ ಸೌಟೂ ಇಲ್ಲ, ಕೊಟ್ಟಿಗೆಯೂ ಇಲ್ಲ.

ಆದರೂ ಅಪ್ಪ ದೌತ್‌ಬೆಕನನ್ನು ಅವಳು ಒಂದು ಕಾಲದಲ್ಲಿ ದೇವರ ಹಾಗೆ ನೋಡಿದವಳು. ಮಗ ಇನ್ನೂ ಚಿಕ್ಕವನು ಎಂದು ಅಪ್ಪ ಅವಳನ್ನೇ ನದಿ ದಂಡೆಗೆ ಕರೆದೊಯ್ದು, ಒದ್ದೆ ಮರಳು ತುಂಬಿದ ಚೀಲವನ್ನು ಓಡುವ ಕುದುರೆಯ ಮೇಲಿಂದ ಎತ್ತಲು ಕಲಿಸಿದ್ದ. "ಕೈಯಲ್ಲಿ ಹಿಡೀಬೇಡ್ವೇ, ಕೈ ಸೋಲುತ್ತೆ. ತೊಡೆ ಕೆಳಗೆ ಸಿಗಿಸಿಕೋ. ತೊಡೆ ಸೋಲಲ್ಲ." ಹದಿನಾರಕ್ಕೆ ಅವಳಿಗಿಂತ ಚೆನ್ನಾಗಿ ಕುದುರೆ ಓಡಿಸುವ ಹುಡುಗಿ ಆ ಕಣಿವೆಯಲ್ಲಿ ಇರಲಿಲ್ಲ.

"ಶೈಶೆನಣ್ಣ, ಅತ್ತಿಗೇನ ಹಿಡಿದ ಕಥೆ ಹೇಳಿ!" ಮಂಬೆತ್ ಪುಸಲಾಯಿಸಿದ.

ಶೈಶೆನ್ ಗಂಟಲು ಸರಿಪಡಿಸಿಕೊಂಡ. ಕಥೆ ಎಲ್ಲರಿಗೂ ಬಾಯಿಪಾಠ. ಹುಡುಗಿಯನ್ನು ಬೆನ್ನಟ್ಟುವ ಕುದುರೆ ಓಟ. ಹುಡುಗಿ ಮುಂದೆ, ಹುಡುಗ ಹಿಂದೆ. ಗಡಿ ಮುಟ್ಟುವ ಮೊದಲು ಹಿಡಿದರೆ ಅವನಿಗೆ ಮುತ್ತು, ಹಿಡಿಯದಿದ್ದರೆ ವಾಪಸ್ ಬರುವಾಗ ಅವಳ ಚಾವಟಿ ಅವನ ಬೆನ್ನಿಗೆ.

"ಏಳು ಜನರನ್ನ ಹೊಡೆದು ಓಡಿಸಿದ್ಲು ಇವ್ಳು, ರಾಕ್ಷಸಿ. ಎಂಟನೆಯವನು ನಾನು. ಗಡಿಗೆ ಇನ್ನು ಇಪ್ಪತ್ತು ಮಾರು ಇದೆ ಅನ್ನೋವಾಗ ಹಾರಿ ಹಿಡ್ದೆ ನೋಡು! ತೋಳ ಕುರೀನ ಹಿಡಿದ ಹಾಗೆ."

ಊಲ್ಕಾನಳ ಚಾಕು ನಿಂತಿತು. ಅವಳ ಕುದುರೆ ಅವತ್ತು ಅವನಿಗಿಂತ ಆರು ಮಾರು ಮುಂದಿತ್ತು. ಗಡಿಯ ಹತ್ತಿರ, ಜನರ ನಡುವೆ ಅಪ್ಪ ನಿಂತಿದ್ದ. ಪಕ್ಕದಲ್ಲಿ ಅಪ್ಪನ ಜೊತೆ ಆಡುತ್ತಿದ್ದ ಕಲ್ಮುರ್ಜಾ. ಅಪ್ಪ ಚಾವಟಿ ಎತ್ತಿ, ಕುದುರೆ ತಡೆಯುವಾಗ ಮಾಡುವ ಹಾಗೆ ಎರಡು ಸಲ ಕೆಳಗಿಳಿಸಿದ. ಎಳೆ ಲಗಾಮು. ನದಿ ದಂಡೆಯ ಮೇಲೆ ಸಾವಿರ ಸಲ ಕಂಡ ಸನ್ನೆ ಅದು. ಅವಳ ಕೈ ತಾನಾಗಿಯೇ ಎಳೆಯಿತು. ಮೂವತ್ತು ವರ್ಷವಾಯಿತು. ಯಾರಿಗೂ ಹೇಳಿರಲಿಲ್ಲ, ಅಪ್ಪನ ಮರ್ಯಾದೆ ಎಂದು.

"ನಮ್ಮಪ್ಪ ಅವತ್ತು ಅತ್ರಂತೆ ಖುಷಿಗೆ," ಅಂದ ಕುಬಾತ್.

"ಅಳ್ದೇ ಇರ್ತಾರಾ? ಇಂಥ ಅಳಿಯ! ಏ ಊಲ್ಕಾನ್, ಸಾರು ಎಲ್ಲಿಗೆ ಬಂತೇ?"

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ವ್ಯಾನು ಎರಡು ಸಲ ಹಾರ್ನ್ ಮಾಡಿತು. ಸ್ವಲ್ಪ ಕಾಯಿತು. ಹೊರಟುಹೋಯಿತು.

ಊಲ್ಕಾನ್ ಚಾಕು ಕೆಳಗಿಟ್ಟಳು. ಗೇಟಿನ ಕಂಬಕ್ಕೆ ಶೈಶೆನನ ಕಂದು ಕುದುರೆಯನ್ನು ಜೀನು ಬಿಚ್ಚದೆ ಕಟ್ಟಲಾಗಿತ್ತು. ಬಿಚ್ಚುವುದು ಅವಳ ಕೆಲಸವಾದ್ದರಿಂದ. ಅವಳು ಒಳಗೆ ಹೋಗಿ ಮೊಳೆಯಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು. ಹೊರಟೇಬಿಡಬಹುದಿತ್ತು. ಆದರೆ ಹಲಗೆಯ ಮೇಲೆ ಅದು ಹಾಗೇ ಬಿದ್ದಿತ್ತು, ಅರ್ಧ ಸುಲಿದು, ನೊಣ ಮುತ್ತಿ. ಬಿಟ್ಟು ಹೋದರೆ ಶೈಶೆನ್ ಏನು ಮಾಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು: ಎರಡು ಮನೆ ಆಚೆಯಿರುವ ತನ್ನ ತಮ್ಮನ ಹೆಂಡತಿ ಚೊಲ್ಪೋನಳನ್ನು ಕೂಗುತ್ತಾನೆ. ಅವಳು ಕೈ ಒರೆಸಿಕೊಂಡು ಬರುತ್ತಾಳೆ.

ಐವತ್ತು ಕಿಲೋದ ಹುರುಳಿಕಾಯಿ ಬೀಜದ ಚೀಲ ಹೊರುವ ಹೆಂಗಸಿಗೆ ಮೂವತ್ತು ಕಿಲೋ ಏನೂ ಅಲ್ಲ. ಎತ್ತಿ ಜೀನಿನ ಮೇಲೆ ಅಡ್ಡ ಹಾಕಿದಳು. ರಿಕಾಪಿಗೆ ಕಾಲಿಟ್ಟು ಹತ್ತುವಾಗ ಮಂಡಿ ಲಟಕ್ ಎಂದಿತು. ಉಲಾಕಿನ ಕಾಲು ಜಾರಿತು. ಅವಳ ತೊಡೆ ಅದನ್ನು ಹಿಡಿಯಿತು. ತೊಡೆಗೆ ನೆನಪಿತ್ತು. ಆ ನೆನಪು ಅಪ್ಪ ಕೊಟ್ಟದ್ದು ಎಂಬುದಕ್ಕೆ ಅವಳಿಗೆ ಸಂತೋಷವೇನೂ ಆಗಲಿಲ್ಲ. ತಣ್ಣನೆಯ ಲೋಳೆ ಸ್ಕರ್ಟಿನೊಳಗೆ ಇಳಿಯುತ್ತಿತ್ತು.

ಬೀದಿಯಲ್ಲಿ ಚೊಲ್ಪೋನಳ ಗೇಟು ತೆರೆದಿತ್ತು. ಅವಳು ಅಂಗಳದಲ್ಲಿ ಹುರುಳಿಕಾಯಿ ಬೀಜ ಕೇರುತ್ತಿದ್ದಳು. ಕುದುರೆಯ ಮೇಲೆ ಉಲಾಕ್ ಬರುವುದನ್ನು ಕಂಡು ಅವಳ ಮುಖದ ರಕ್ತ ಇಳಿಯಿತು. ಮೊರ ಕೆಳಗಿಟ್ಟು, "ಅಕ್ಕ, ನಮ್ಮನೆಗಾ?" ಎಂದಳು, ಅಳುವ ದನಿಯಲ್ಲಿ.

ಬಾಗಿಲು ಯಾವುದಾದರೂ ಸರಿ, ಒಳಗೆ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ.

"ನಿನ್ನ ಕೆಲಸ ನೋಡ್ಕೋ," ಎಂದು ಊಲ್ಕಾನ್ ಕುದುರೆ ನಿಲ್ಲಿಸದೆ ದಾಟಿದಳು.

ಬಯಲು ಖಾಲಿ. ಸಿಗರೇಟು ತುಂಡು, ಸೂರ್ಯಕಾಂತಿ ಬೀಜದ ಸಿಪ್ಪೆ, ಲದ್ದಿ. ತುದಿಯಲ್ಲಿ ಗೋಲು: ಎದೆಯೆತ್ತರ ಮಣ್ಣು ಕಟ್ಟಿ ಮಾಡಿದ ದೊಡ್ಡ ಕೊಪ್ಪರಿಗೆ. ಒಲೆಯಿಲ್ಲದ್ದು, ಯಾರೂ ತಿಕ್ಕಿ ತೊಳೆಯದೆ ಇರುವಂಥದ್ದು. ಅವಳು ಪಕ್ಕಕ್ಕೆ ಕುದುರೆ ತಂದು ತೊಡೆ ಸಡಿಲಿಸಿದಳು. ಉಲಾಕ್ ಒಳಗೆ ಬಿತ್ತು. ಕೂಗಲು ಯಾರೂ ಇರಲಿಲ್ಲ.

ಹಿಂದಿನಿಂದ, ಊರ ಕಡೆಯಿಂದ, ಶೈಶೆನ್ ಕೂಗಿ ಕರೆಯುವುದು ಕ್ಷೀಣವಾಗಿ ಕೇಳಿತು. ಕರೆದದ್ದು ಕುದುರೆಯನ್ನೇ ಇರಬಹುದು. ಕುದುರೆ ಕಿವಿ ನಿಮಿರಿಸಿ ಮನೆಯ ಕಡೆ ಕತ್ತು ತಿರುಗಿಸಿತು.

ಊಲ್ಕಾನ್ ಲಗಾಮನ್ನು ಪಕ್ಕದೂರಿನ ದಾರಿಗೆ ಎಳೆದಳು. ನಡುವೆ ಒಂದು ಕಾಲುವೆ ಸಿಗುತ್ತದೆ. ಅಲ್ಲಿ ಇಳಿದು ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು, ಉಗುರಿನ ಸಂದಿಯನ್ನೂ.