ನದಿಯ ಮೇಲಿನ ಮಂಜು ಮತ್ತು ಇಲ್ಪೊ ಎಳೆದ ಗೆರೆ

ಹೆಲ್ಸಿಂಕಿಗೂ ಉತ್ತರದ ಕಾಯಾನಿ ಊರಿನಲ್ಲಿ ನವೆಂಬರ್ ತಿಂಗಳ ಬೆಳಕು ತಡವಾಗಿ ಬರುತ್ತದೆ. ಊರಿನ ಉಳಿದವರು ಅದಕ್ಕಾಗಿ ಕಾಯುತ್ತಾರೆ. ಇಲ್ಪೊ ಹೇಕುರ ಅದು ಒಳಗೆ ಬಾರದಂತೆ ನೋಡಿಕೊಳ್ಳುತ್ತಾರೆ. ಮೂರನೆಯ ಮಹಡಿಯ ಮನೆಯ ಹಿಂಬದಿ ಕೋಣೆಯಲ್ಲಿ ಮೊದಲು ಬಿಳಿ ಪರದೆ ಎಳೆಯುತ್ತಾರೆ, ಅದರ ಮೇಲೆ ಕಪ್ಪು ಪರದೆ. ಅಂಚಿನಲ್ಲಿ ಸಂದಿ ಉಳಿದರೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಾರೆ. ಟಿವಿಯ ಮೇಲೆ ಹೊರಗಿನ ಬೆಳಕು ಬಿದ್ದರೆ ಕಪ್ಪು ಬಣ್ಣ ಬೂದುಬಣ್ಣವಾಗಿ ಕಾಣುತ್ತದೆ. ಹಾಗಾದರೆ ಆ ದಿನದ ಕೆಲಸ ಕೆಟ್ಟಂತೆಯೇ.

ಟಿವಿಯ ಕೆಳಗೆ ಗೇಮ್ ಆಡುವ ಎರಡು ಕನ್ಸೋಲ್‌ಗಳು ಅಕ್ಕಪಕ್ಕ ಕೂತಿವೆ. ಮೊದಲನೆಯದರಲ್ಲಿ ಕವಚ ತೊಟ್ಟ ಹೆಂಗಸೊಬ್ಬಳು ಸಂತೆಬೀದಿಯಲ್ಲಿ ನಡೆಯುತ್ತಾಳೆ, ಮೂರನೆಯ ದೀಪದ ಕಂಬದ ಹತ್ತಿರ ನಿಲ್ಲುತ್ತಾಳೆ, ಎಡಕ್ಕೆ ತಿರುಗಿ ರಸ್ತೆಯ ಕೊಚ್ಚೆನೀರನ್ನು ನೋಡುತ್ತಾಳೆ. ಇಲ್ಪೊ ಅದನ್ನು ವಿಡಿಯೊ ಆಗಿ ಮುದ್ರಿಸಿಕೊಳ್ಳುತ್ತಾರೆ. ಆಮೇಲೆ ಎರಡನೆಯ ಕನ್ಸೋಲ್ ಹಚ್ಚಿ, ಅದೇ ಹೆಂಗಸನ್ನು ಅದೇ ಬೀದಿಯಲ್ಲಿ ಅದೇ ಕಂಬದವರೆಗೆ ನಡೆಸುತ್ತಾರೆ.

"ಮೊದಲ ಸಲ ಎಲ್ಲಿ ಬೇಕಾದ್ರೂ ಹೋಗ್ಬಹುದು. ಕಷ್ಟ ಇರೋದು ಎರಡನೇ ಸಲ," ಎನ್ನುತ್ತಾರೆ. "ಹೋದ ದಾರೀಲೇ ಹೋಗ್ಬೇಕು. ಒಂದು ಹೆಜ್ಜೆ ಆಚೆ ಇಟ್ರೂ ನೆರಳು ಬೇರೆ ಕಡೆ ಬೀಳತ್ತೆ. ಆಗ ಹೋಲಿಕೆ ಅಲ್ಲ, ಬರೀ ಎರಡು ಚಿತ್ರ."

ಹೊಸ ಗೇಮ್ ಬಂದಾಗಲೆಲ್ಲ ಅದು ಯಾವ ಕನ್ಸೋಲ್‌ನಲ್ಲಿ ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂದು ತೋರಿಸುವ ವಿಡಿಯೊಗಳು ಬರುತ್ತವೆ. ಪರದೆಯ ಎಡಭಾಗದಲ್ಲಿ ಒಂದರ ಚಿತ್ರ, ಬಲಭಾಗದಲ್ಲಿ ಇನ್ನೊಂದರದು, ನಡುವೆ ಒಂದು ಬಿಳಿ ಗೆರೆ. ಮಾತಾಡುವ ದನಿ ಹೆಲ್ಸಿಂಕಿಯ ಕ್ರಿಸ್ಟರ್ ಲಿಂಡ್ರೂಸ್ ಅವರದು. ಅವರ ಮುಖ ಹುಡುಗರಿಗೆಲ್ಲ ಗೊತ್ತು. ಆ ಗೆರೆಯ ಎರಡೂ ಬದಿಯಲ್ಲಿ ನಡೆದವರು ಯಾರು, ಯಾವ ಚಿತ್ರವನ್ನು ನಿಲ್ಲಿಸಿ ದೊಡ್ಡದು ಮಾಡಬೇಕೆಂದು ಆರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷದಿಂದ ಆ ಕೆಲಸ ಇಲ್ಪೊ ಅವರದು. ವಿಡಿಯೊದ ಕೊನೆಯಲ್ಲಿ ಅವರ ಹೆಸರು ಬರುತ್ತದೆ. ಅಷ್ಟು ಹೊತ್ತಿಗೆ ನೋಡುವವರು ಮುಂದಿನ ವಿಡಿಯೊಗೆ ಹೋಗಿರುತ್ತಾರೆ.

ಕಣ್ಣಿನ ಕೆಲಸ ಅವರಿಗೆ ಹೊಸದಲ್ಲ. ಊರಿನ ಕಾಗದದ ಕಾರ್ಖಾನೆಯಲ್ಲಿ ಹಾಳೆಯನ್ನು ಬೆಳಕಿಗೆ ಹಿಡಿದು ಚುಕ್ಕಿ, ತೂತು, ತೆಳುವಾದ ಜಾಗ ಹುಡುಕುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಅವರಿಗೆ ಮೂವತ್ತನಾಲ್ಕು. ಕೆಲವು ವರ್ಷ ಮರ ಸಾಗಿಸುವ ಲಾರಿ ಓಡಿಸಿದರು, ಬೆನ್ನು ಹಿಡಿದ ಮೇಲೆ ಮನೆಯಲ್ಲಿ ಕೂತರು. ಹೊತ್ತು ಕಳೆಯಲು ಗೇಮ್ ಆಡುತ್ತ, ಕ್ರಿಸ್ಟರ್ ಅವರ ವಿಡಿಯೊದಲ್ಲಿ ನೆರಳಿನ ಬಗ್ಗೆ ಹೇಳಿದ್ದು ತಪ್ಪು ಎಂದು ಒಂದು ಸಲ ಅದರ ಕೆಳಗೆ ಬರೆದರು. ಮೂರು ದಿನ ಬಿಟ್ಟು ಕ್ರಿಸ್ಟರ್ ಫೋನ್ ಮಾಡಿದರು.

"ಬೈಯೋಕೆ ಮಾಡಿದ ಅಂದ್ಕೊಂಡೆ. ಕೆಲಸ ಕೊಟ್ಟ," ಎನ್ನುತ್ತಾರೆ ಇಲ್ಪೊ.

ಹೆಂಡತಿ ಮಾರ್ಯುಕ್ಕ ಕಾಫಿಯ ಜೊತೆ ಏಲಕ್ಕಿ ಬನ್ನು ಇಟ್ಟು ಬಾಗಿಲಲ್ಲೇ ನಿಲ್ಲುತ್ತಾರೆ. "ಸೆಕೆಂಡಿಗೆ ಅರವತ್ತು ಚಿತ್ರ ಬರತ್ತಂತೆ, ಅದ್ರಲ್ಲಿ ಎರಡು ತಪ್ಪಿದ್ರೆ ಇವ್ರಿಗೆ ಗೊತ್ತಾಗತ್ತೆ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಎದುರಿಗೇ ಇರತ್ತೆ, ಅದು ಮಾತ್ರ ಕಾಣಲ್ಲ."

"ಅದು ಅಲ್ಲಾಡಲ್ಲ ಕಣೇ, ಹೇಗೆ ಕಾಣ್ಬೇಕು," ಎನ್ನುತ್ತಾರೆ ಇಲ್ಪೊ.

ಮಾರ್ಯುಕ್ಕ ನಗುವುದಿಲ್ಲ. ಗಂಡ ಎರಡು ವರ್ಷದಿಂದ ಈ ಕೋಣೆಯಿಂದ ಹೊರಗೆ ಬರುವುದು ಕಡಿಮೆಯಾಗಿದೆ ಎಂದು ಅಡುಗೆಮನೆಯಲ್ಲಿ ಹೇಳುತ್ತಾರೆ. ದಿನಸಿಗೂ ಇಲ್ಪೊ ಊರಾಚೆಯ ಅಂಗಡಿಗೇ ಹೋಗುತ್ತಾರೆ. ಕಾರಣ ಮನೆಯಲ್ಲಿ ಇಬ್ಬರಿಗೂ ಗೊತ್ತು.

ಕಾರಣ ಒಂದು ಗೇಮ್. ಮಾಡಿದವರು ಇದೇ ಊರಿನ ನಾಲ್ವರು. ಹಿಂದೆ ಪೈನ್ ಮರ ಸುಟ್ಟು ಇಳಿಸಿದ, ಹಡಗಿಗೆ ಬಳಿಯುವ ಡಾಂಬರನ್ನು ಪೀಪಾಯಿಗಳಲ್ಲಿ ತುಂಬಿ, ಉದ್ದನೆಯ ದೋಣಿಗಳಲ್ಲಿ ಕಾಯಾನಿಯ ಮೂಲಕ ಸಮುದ್ರದವರೆಗೆ ಒಯ್ಯುತ್ತಿದ್ದರು, ಅದರ ಕತೆ. 'ಕೊನೆಯ ಪೀಪಾಯಿ' ಎಂದು ಹೆಸರು. ಆಡುವವರು ಹುಟ್ಟು ಹಾಕುತ್ತ ನದಿಯಲ್ಲಿ ಇಳಿಯಬೇಕು. ನದಿಯ ಮೇಲೆ ಬೆಳಗಿನ ಮಂಜು. ಅದು ತೆರೆದಾಗ ಬಂಡೆ ಕಾಣುತ್ತದೆ, ಮುಚ್ಚಿದಾಗ ನೀರಿನ ಸದ್ದನ್ನೇ ನಂಬಿ ಸಾಗಬೇಕು. ಆ ಮಂಜನ್ನು ರಚಿಸಿದವರು ನಾಲ್ವರಲ್ಲಿ ಒಬ್ಬರಾದ ಹೆಲ್ಕಾ ಮೊಯಿಲಾನೆನ್. ಒಂದು ಶರತ್ಕಾಲವಿಡೀ ಬೆಳಗಾಗುವ ಮುಂಚೆ ಅಣ್ಣನ ದೋಣಿಯಲ್ಲಿ ನದಿಗಿಳಿದು, ಮಂಜು ನೀರಿನಿಂದ ಹೇಗೆ ಏಳುತ್ತದೆ, ಯಾವ ಕಡೆಗೆ ಸರಿಯುತ್ತದೆ ಎಂದು ನೋಡುತ್ತ ಕೂತಿದ್ದರು.

ಹೋಲಿಕೆಯ ಕೆಲಸ ಇಲ್ಪೊ ಅವರಿಗೇ ಬಂತು. ತೊಂದರೆ ಅಲ್ಲೇ ಶುರುವಾಯಿತು. ಮಂಜು ಎರಡು ಕನ್ಸೋಲ್‌ಗಳಲ್ಲಿ ಒಂದೇ ಥರ ಚಲಿಸುವುದಿಲ್ಲ. ಎಷ್ಟು ಸಲ ದೋಣಿ ನಡೆಸಿದರೂ ಎರಡು ಚಿತ್ರಗಳು ತಾಳೆಯಾಗುವುದಿಲ್ಲ. ಇಂಥ ಕಡೆ ಈ ಕೆಲಸದವರು ಹಿಡಿಯುವ ಹಳೆಯ ದಾರಿಯೊಂದಿದೆ. ಒಂದು ದೃಶ್ಯ ಕತ್ತರಿಸಿ ಇನ್ನೊಂದು ಶುರುವಾಗುತ್ತದಲ್ಲ, ಆ ಹೊಸ ದೃಶ್ಯದ ಮೊಟ್ಟಮೊದಲ ಚಿತ್ರದಲ್ಲಿ ಎರಡೂ ಯಂತ್ರಗಳು ಸರಿಯಾಗಿ ಒಂದೇ ಜಾಗವನ್ನು ತೋರಿಸುತ್ತವೆ. ಇಲ್ಪೊ ಆ ಚಿತ್ರವನ್ನೇ ನಿಲ್ಲಿಸಿದರು, ದೊಡ್ಡದು ಮಾಡಿದರು, ನಡುವೆ ಗೆರೆ ಎಳೆದರು.

ಎರಡರಲ್ಲಿ ಅಗ್ಗದ ಕನ್ಸೋಲ್‌ನಲ್ಲಿ ಮಂಜು ಮಂಜಾಗಿರಲಿಲ್ಲ. ನೀರಿನ ಮೇಲೆ ಯಾರೋ ರವೆ ಚೆಲ್ಲಿದಂತೆ ಹರಳು ಹರಳಾಗಿತ್ತು. ಕ್ರಿಸ್ಟರ್ ಅದನ್ನು "ರವೆ ಗಂಜಿ" ಎಂದು ಕರೆದರು. ಈ ದೇಶದ ಮಕ್ಕಳೆಲ್ಲ ಶಾಲೆಯಲ್ಲಿ ತಿಂದು ಬೆಳೆದ ಗಂಜಿ; ಮಾತು ಅಂಟಿಕೊಂಡಿತು. ವಾರದೊಳಗೆ ಆ ಚಿತ್ರದ ಮೇಲೆ ಚಮಚ ಅಂಟಿಸಿದವರು, ಬೆಣ್ಣೆಯ ತುಂಡು ಇಟ್ಟವರು, ದಾಲ್ಚಿನ್ನಿ ಉದುರಿಸಿದವರು ಎಲ್ಲ ಕಡೆ ಕಂಡರು.

ಹೆಲ್ಕಾ ಏನೂ ಬರೆಯಲಿಲ್ಲ. ಆದರೆ ಊರು ಚಿಕ್ಕದು. ಒಂದು ಶನಿವಾರ ದಿನಸಿ ಅಂಗಡಿಯ ಮೀನಿನ ಪೆಟ್ಟಿಗೆಯ ಹತ್ತಿರ ಇಲ್ಪೊ ಎದುರಾದರು. ಹೆಲ್ಕಾ ಕೇಳಿದ್ದು ಒಂದೇ ಮಾತು: "ಅದರ ಮುಂದಿನ ಚಿತ್ರ ನೋಡಿದ್ಯಾ, ಇಲ್ಪೊ?"

ನೋಡಿರಲಿಲ್ಲ. ಇಲ್ಪೊ ಮನೆಗೆ ಬಂದು, ಜಾಕೆಟ್ ಕೂಡ ಬಿಚ್ಚದೆ, ಮುದ್ರಿಸಿದ್ದನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದರು. ಎರಡನೆಯದರಲ್ಲಿ ಹರಳು ಸಣ್ಣಗಾಯಿತು. ನಾಲ್ಕನೆಯದರಲ್ಲಿ ಒಂದಕ್ಕೊಂದು ಸೇರಿಕೊಂಡಿತು. ಏಳೆಂಟು ಚಿತ್ರ ಆಗುವಷ್ಟರಲ್ಲಿ ನದಿಯ ಮೇಲೆ ಮಂಜು ಎದ್ದಿತ್ತು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿದಿರಲಿಲ್ಲ.

ವಿಷಯ ಇಷ್ಟೇ. ಬಲ ಕಡಿಮೆಯಿರುವ ಕನ್ಸೋಲ್ ಇಡೀ ಮಂಜನ್ನು ಒಂದೇ ಏಟಿಗೆ ಬರೆಯಲಾರದು. ಪ್ರತಿ ಚಿತ್ರದಲ್ಲೂ ಒಂದಿಷ್ಟು ಬರೆದು, ಉಳಿದದ್ದನ್ನು ಹಿಂದಿನ ಚಿತ್ರಗಳಿಂದ ಪಡೆದುಕೊಳ್ಳುತ್ತದೆ. ದೃಶ್ಯದ ಮೊದಲ ಚಿತ್ರಕ್ಕೆ ಹಿಂದಿನದು ಎಂಬುದೇ ಇಲ್ಲ. ಆಡುವವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ನಿಲ್ಲಿಸಿ ನೋಡುವವರಿಗೆ ಮಾತ್ರ ಬೀಳುತ್ತದೆ.

"ಹಳೇ ಗೇಮ್‌ಗಳಲ್ಲಿ ಮೊದಲ ಚಿತ್ರಾನೂ ಒಂದೇ, ಹತ್ತನೇದೂ ಒಂದೇ. ಅದೇ ಅಭ್ಯಾಸ ಉಳ್ಕೊಂಡಿತ್ತು," ಎನ್ನುತ್ತಾರೆ ಇಲ್ಪೊ. "ಅವಸರ ಇತ್ತು ಅಂತ ಹೇಳ್ಬಹುದು. ಅವಸರ ಯಾವಾಗ್ಲೂ ಇರತ್ತೆ. ಒಂದು ಗುಂಡಿ ಒತ್ತಿ ಮುಂದೆ ಹೋಗಿದ್ರೆ ಸಾಕಿತ್ತು. ಕಾರ್ಖಾನೇಲಿ ಒಂದು ಹಾಳೆ ಕೆಟ್ಟಿದ್ರೆ ಕೆಳಗಿನ ನಾಲ್ಕು ಹಾಳೆ ಎಳೆದು ನೋಡ್ತಿದ್ದೆ. ಇಲ್ಲಿ ನೋಡ್ಲಿಲ್ಲ."

ಕ್ರಿಸ್ಟರ್ ತಪ್ಪನ್ನು ಒಪ್ಪಿಕೊಂಡರು, ವಿಡಿಯೊದ ಕೆಳಗೆ ತಿದ್ದುಪಡಿಯ ಸಾಲೊಂದನ್ನು ಸೇರಿಸಿದರು. ಚಿತ್ರ ನೋಡಿದವರು ಲಕ್ಷಾಂತರ; ಸಾಲನ್ನು ಓದಿದವರ ಲೆಕ್ಕ ಯಾರ ಬಳಿಯೂ ಇಲ್ಲ. ಗೇಮ್ ಸರಿಯಾಗಿ ಮಾರಾಟವಾಗದ್ದಕ್ಕೆ ಆ ಚಿತ್ರವೊಂದೇ ಕಾರಣ ಎನ್ನಲು ಆಧಾರವಿಲ್ಲ. ಅದೇ ವಾರ ಬೇರೆ ದೊಡ್ಡ ಗೇಮ್ ಕೂಡ ಬಂದಿತ್ತು. ಆದರೆ ವಸಂತ ಬರುವ ಹೊತ್ತಿಗೆ ನಾಲ್ವರಲ್ಲಿ ಇಬ್ಬರು ಉಳಿದರು. ಹೊರಬಿದ್ದವರಲ್ಲಿ ಹೆಲ್ಕಾ ಒಬ್ಬರು. ಈಗ ಅವರು ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟು ಕೂರಿಸುವ ಕೆಲಸದಲ್ಲಿದ್ದಾರೆ. ಗೇಮ್‌ಗೆ ಚಿತ್ರ ಬರೆಯುವುದನ್ನು ಬಿಟ್ಟಿದ್ದಾರೆ.

ಈ ಶರತ್ಕಾಲದಲ್ಲಿ ಆ ಗೇಮ್ ಮತ್ತೆ ಬಂತು. ಹೊಸ ಕನ್ಸೋಲ್‌ಗಾಗಿ ಉಳಿದ ಇಬ್ಬರು ಸಿದ್ಧಪಡಿಸಿದ ಆವೃತ್ತಿ. ಹೋಲಿಕೆ ಮತ್ತೆ ಇಲ್ಪೊ ಅವರ ಪಾಲಿಗೆ. ಈ ಸಲ ಅವರು ಮುಂಚೆಯೇ ಕ್ರಿಸ್ಟರ್‌ಗೆ ಫೋನ್ ಮಾಡಿದರು. ಮಂಜಿನ ದೃಶ್ಯವನ್ನು ನಿಲ್ಲಿಸದೆ, ಗೆರೆ ಎಳೆಯದೆ ಮೂವತ್ತು ಸೆಕೆಂಡು ತೋರಿಸಬೇಕು ಎಂದರು.

"ಮೂವತ್ತು ಸೆಕೆಂಡು ನಾನೇನು ಮಾತಾಡ್ಲಿ ಮಾರಾಯ?" ಎಂದರು ಕ್ರಿಸ್ಟರ್.

"ಮಾತಾಡ್ಬೇಡ."

"ನನ್ನ ಸಂಬಳ ಮಾತಿಗೇ ಕಣೋ." ಆದರೂ ಒಪ್ಪಿದರು.

ಇಲ್ಪೊ ಪರದೆ ಎಳೆದು, ಕ್ಲಿಪ್ಪು ಹಾಕಿ, ಗೇಮ್ ಹಚ್ಚಿದರು. ದೋಣಿ ಬಂತು, ನದಿ ಬಂತು. ನೀರು ಗಾಜಿನಂತಿತ್ತು. ತಳದ ಕಲ್ಲುಗಳನ್ನು ಎಣಿಸಬಹುದಿತ್ತು, ಆಚೆ ದಡದ ಪೈನ್ ಮರಗಳ ತೊಗಟೆಯ ಬಿರುಕು ಕಾಣುತ್ತಿತ್ತು. ಮಂಜು ಬರಲಿ ಎಂದು ದೋಣಿ ನಿಲ್ಲಿಸಿ ಕಾದರು. ಬರಲಿಲ್ಲ. ಅದನ್ನು ಪೂರ್ತಿ ತೆಗೆದುಹಾಕಿದ್ದರು. ಹಳೆಯ ಕನ್ಸೋಲ್‌ಗಳಿಗೂ ಅಂತರ್ಜಾಲದ ಮೂಲಕ ತಿದ್ದುಪಡಿ ಕಳಿಸಿ ಅಲ್ಲಿಂದಲೂ ಅಳಿಸಿದ್ದರು. "ನೋಡುಗರ ಟೀಕೆಯನ್ನು ಗಮನವಿಟ್ಟು ಕೇಳಿದ್ದೇವೆ" ಎಂದು ಪ್ರಕಟಣೆಯಲ್ಲಿತ್ತು.

ಎರಡು ದಿನ ಇಲ್ಪೊ ಆ ನದಿಯಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ. ಎಲ್ಲಿ ನಿಲ್ಲಿಸಿದರೂ ಚಿತ್ರ ಸ್ವಚ್ಛ. ವಿಡಿಯೊ ಹೊರಬಂತು, ಕ್ರಿಸ್ಟರ್ ಮನಸಾರೆ ಹೊಗಳಿದರು. ಕೆಳಗೆ ಬರೆದವರಲ್ಲಿ ಹೆಚ್ಚಿನವರು ಗಂಜಿ ಕೊನೆಗೂ ಖಾಲಿಯಾಯಿತು ಎಂದು ಸಂತೋಷಪಟ್ಟರು.

ಇಲ್ಪೊ ಅವರಿಗೆ ಐವತ್ತು ದಾಟಿದೆ. ಹತ್ತಿರದ ಅಕ್ಷರ ಮಸುಕಾಗಿ ವರ್ಷವಾಯಿತು. ಕನ್ನಡಕ ಮಾಡಿಸಲು ಕಳೆದ ವಾರದವರೆಗೂ ಹೋಗಿರಲಿಲ್ಲ. ಮಾರ್ಯುಕ್ಕ ಜೊತೆಗೆ ಹೊರಟು, ಅಂಗಡಿಯ ಬಾಗಿಲವರೆಗೆ ಬಿಟ್ಟು, ತಾವು ಎದುರಿನ ಬೇಕರಿಗೆ ಹೋದರು. ಮೇಜಿನ ಹಿಂದೆ ಹೆಲ್ಕಾ ಕೂತಿದ್ದರು.

"ಹತ್ತಿರದ್ದು ಕಾಣ್ತಿಲ್ವಾ?" ಎಂದು ಕೇಳಿದರು.

"ಸ್ವಲ್ಪ ಕಷ್ಟ."

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು."

"ಅದಕ್ಕೆ ಮುಂಚೆ ಕಾಣ್ತಿತ್ತು ಅಂತೀಯ." ಹೆಲ್ಕಾ ತಲೆ ಎತ್ತದೆ ಚೌಕಟ್ಟುಗಳ ತಟ್ಟೆಯನ್ನು ಮುಂದೆ ತಳ್ಳಿದರು. "ಒಳಗೆ ಹೋಗು. ಇದು ವಾಸಿನಾ, ಅದು ವಾಸಿನಾ ಅಂತ ಕೇಳ್ತಾರೆ. ನಿನ್ನ ಕೆಲಸಾನೇ."

ಪರೀಕ್ಷೆ ಮುಗಿಸಿ ಬಂದ ಇಲ್ಪೊ ಕುರ್ಚಿಯಲ್ಲಿ ಕೂತರು. ಹೆಲ್ಕಾ ಚೌಕಟ್ಟನ್ನು ಅವರ ಕಿವಿಯ ಹಿಂದೆ ಕೂರಿಸಿ ಅಳತೆ ನೋಡುತ್ತಿದ್ದರು. ಇಷ್ಟು ಹತ್ತಿರದಲ್ಲಿ ಎಲ್ಲಿ ನೋಡಬೇಕೆಂದು ತಿಳಿಯದೆ ಇಲ್ಪೊ ಗೋಡೆ ನೋಡಿದರು.

"ಹೊಸದ್ರಲ್ಲಿ ಮಂಜಿಲ್ಲ," ಎಂದರು.

"ಗೊತ್ತು. ತೆಗೆಯೋಕೆ ಮುಂಚೆ ನನ್ನನ್ನ ಕೇಳಿದ್ರು. ತೆಗೀರಿ ಅಂದೆ."

"ಯಾಕೆ ಹೆಲ್ಕಾ?"

"ನಿಲ್ಲಿಸಿ ನೋಡೋರಿಗೆ ಮಂಜು ಯಾಕೆ ಬೇಕು?" ಚೌಕಟ್ಟಿನ ಒಂದು ಕಾಲನ್ನು ಸ್ವಲ್ಪ ಬಗ್ಗಿಸಿ ಮತ್ತೆ ಹಾಕಿ ನೋಡಿದರು. "ಅಲ್ಲಾಡ್ಬೇಡ. ಹತ್ತು ದಿನದಲ್ಲಿ ಬರತ್ತೆ."

ಇಲ್ಪೊ ಅವರ ಕೋಣೆಯ ಕಪಾಟಿನಲ್ಲಿ ಇನ್ನೊಂದು ಕನ್ಸೋಲ್ ಇದೆ, ಅಗ್ಗದ್ದು, ಎರಡು ವರ್ಷ ಹಿಂದಿನದು. ಅದರ ಅಂತರ್ಜಾಲದ ತಂತಿಯನ್ನು ಕಿತ್ತಿಟ್ಟಿದ್ದಾರೆ. ಜೋಡಿಸಿದರೆ ತಿದ್ದುಪಡಿ ತಾನಾಗಿ ಇಳಿದು ಮಂಜನ್ನು ಅಳಿಸಿಬಿಡುತ್ತದೆ. ಇಂಥ ಕನ್ಸೋಲ್ ಬೇರೆ ಯಾರ ಮನೆಯಲ್ಲಾದರೂ ಉಳಿದಿದೆಯೋ ಅವರಿಗೆ ತಿಳಿಯದು. ಸೋಮವಾರ ಬೆಳಗ್ಗೆ ಅದರಿಂದ ಒಂದು ವಿಡಿಯೊ ಮುದ್ರಿಸಿ ಕ್ರಿಸ್ಟರ್‌ಗೆ ಕಳಿಸಿದ್ದಾರೆ. ಪರದೆಯ ತುಂಬ ಆ ಒಂದೇ ನದಿ, ನಡುವೆ ಗೆರೆಯಿಲ್ಲ. ಕ್ರಿಸ್ಟರ್ ಕೇಳಿದ್ದು: "ಇದನ್ನ ಯಾವುದರ ಜೊತೆ ಹೋಲಿಸೋಣ?"

"ಯಾವುದರ ಜೊತೆಗೂ ಬೇಡ ಅಂದೆ," ಎನ್ನುತ್ತಾರೆ ಇಲ್ಪೊ. "ಯೋಚಿಸ್ತೀನಿ ಅಂದಿದ್ದಾನೆ. ಹಾಕ್ತಾನೋ ಇಲ್ವೋ."

ಹಾಕಿದರೂ ಹೆಲ್ಕಾ ನೋಡುತ್ತಾರೆ ಎಂದು ಅವರು ನಂಬಿಲ್ಲ. ಕನ್ನಡಕ ತರಲು ಹೋದಾಗ ಆ ಮಾತು ಎತ್ತಬೇಕೋ ಬೇಡವೋ ಎಂಬುದೂ ತೀರ್ಮಾನವಾಗಿಲ್ಲ. ಕಾಫಿ ಆರಿದೆ. ಇಲ್ಪೊ ಕವಚದ ಹೆಂಗಸನ್ನು ಮತ್ತೆ ಸಂತೆಬೀದಿಯ ಮೊದಲಿಗೆ ತಂದು ನಿಲ್ಲಿಸುತ್ತಾರೆ.

"ಆ ಮಂಜಿನ ವಿಡಿಯೊ ಎಲ್ಲಿಂದ ಶುರು ಮಾಡೋದು ಅಂತ ಯೋಚನೆ ಮಾಡಿದೆ. ಚೆನ್ನಾಗಿ ಕಾಣೋ ಕಡೆಯಿಂದ ಶುರು ಮಾಡ್ಬಹುದಿತ್ತು. ಮಾಡ್ಲಿಲ್ಲ. ನಾನು ಅವತ್ತು ನಿಲ್ಲಿಸಿದ್ನಲ್ಲ, ಆ ಚಿತ್ರದಿಂದಲೇ ಶುರು ಮಾಡಿದ್ದೀನಿ. ಮೊದಲು ರವೆ ಗಂಜಿ ಕಾಣ್ಲಿ. ಆಮೇಲೆ ಬರೋದನ್ನೂ ಒಂದ್ಸಲ ನೋಡ್ಲಿ."