ಅಕ್ಕೋರು ಕಟ್ಟಿಸಿದ ಅರವತ್ತು ಎಲೆ

ಅಕ್ಕೋರ ಎಡ ಮುಂಗೈ ಮೇಲೆ ಒಂದು ನರ ಹೆಬ್ಬೆರಳಿನಷ್ಟು ದಪ್ಪ ಉಬ್ಬಿಕೊಂಡಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಆಪರೇಷನ್ ಮಾಡಿ ಉಬ್ಬಿಸಿಟ್ಟ ನರ ಅದು. ಮುಟ್ಟಿದರೆ ಒಳಗೆ ರಕ್ತ ಗುಂಯ್ ಎಂದು ಓಡುವುದು ಬೆರಳಿಗೆ ತಿಳಿಯುತ್ತಿತ್ತು. ನಾನು ಆ ವಾರ್ಡಿಗೆ ಹೋದ ಮೊದಲ ದಿನ ಮೆಷಿನ್ ನೋಡಿಯೇ ಅಳಲು ಶುರುಮಾಡಿದ್ದೆ. ಪಕ್ಕದ ಹಾಸಿಗೆಯಲ್ಲಿದ್ದ ಅವರಿಗೆ ಇನ್ನೂ ಸೂಜಿ ಹಾಕಿರಲಿಲ್ಲ. ಆ ಕೈಯನ್ನು ನನ್ನ ಕಡೆ ಚಾಚಿ, "ಮುಟ್ಟಿ ನೋಡು. ಆರು ವರ್ಷ ಆತು, ಇನ್ನೂ ಗುಂಯ್ ಅನ್ನಾಕತ್ತೈತಿ. ಅಳೂದು ಬಿಡು, ಅತ್ರ ಬಿಪಿ ಏರತೈತಿ" ಎಂದರು.

ಮುರಗೋಡದ ಕಡೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಕಾಯಿಲೆ ಬಿದ್ದ ಮೇಲೆ ಕೆಲಸ ಬಿಟ್ಟವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಆಯಾಗಳಿಂದ ಡಾಕ್ಟರ ತನಕ ಎಲ್ಲರಿಗೂ ಅವರು ಅಕ್ಕೋರೇ. ಸೋಮವಾರ, ಬುಧವಾರ, ಶುಕ್ರವಾರ ಬೈಲಹೊಂಗಲದ ಆ ದವಾಖಾನೆಯಲ್ಲಿ ನಾಲ್ಕು ನಾಲ್ಕು ತಾಸು ನಾವಿಬ್ಬರೂ ಅಕ್ಕಪಕ್ಕ ಮಲಗಿರುತ್ತಿದ್ದೆವು. ಮದುವೆಯಾಗಿರದ ಅವರನ್ನು ಅಣ್ಣ ಮೋಟಾರ್ ಸೈಕಲ್ ಮೇಲೆ ಕರೆತಂದು ಒಳಗೆ ಬಿಟ್ಟು, ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅಣ್ಣ ಹೆಚ್ಚು ಮಾತಾಡುವ ಪೈಕಿ ಅಲ್ಲ.

ಅಕ್ಕೋರಿಗೆ ಸಮಾಧಾನ ಹೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಮಾತಾಡಿಸಲು ಬಂದ ಯಾರೋ "ಎಲ್ಲಾ ಆರಾಮ ಆಗ್ತದ ತಗೋರಿ" ಎಂದರೆ, "ಯಾವಾಗ ಆಗ್ತದ ಹೇಳ್ರಿ, ಅವತ್ತ ಬರ್ರಿ" ಎಂದು ಬಾಯಿ ಮುಚ್ಚಿಸಿ ಕಳಿಸುತ್ತಿದ್ದರು. ನಮಗೆ ದಿನಕ್ಕೆ ಕುಡಿಯಲು ಇಷ್ಟೇ ನೀರು ಎಂದು ಕಟ್ಟಳೆ. ಕದ್ದು ಕುಡಿದವರನ್ನು ಮುಖ ಊದಿದ್ದರಲ್ಲೇ ಹಿಡಿದು, ನರ್ಸಿಗಿಂತ ಮೊದಲು ಅವರೇ ಬಯ್ಯುತ್ತಿದ್ದರು.

ಅವರ ಊಟದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ಬರುತ್ತಿತ್ತು. ಅದರ ತುಂಬ ಬಣ್ಣಬಣ್ಣದ ಎಲೆಗಳು. ವಾರ್ಡಿನವರೆಲ್ಲ ಇಸ್ಪೀಟು ಎಂದೇ ತಿಳಿದಿದ್ದರು. ಒಬ್ಬ ಮುದುಕ, "ಅಕ್ಕೋರಾಗಿ ಇದೇನ್ರಿ ಚಟಾ" ಎಂದು ಮುಖ ತಿರುವಿದ್ದೂ ಉಂಟು. ಅದು ಇಸ್ಪೀಟಲ್ಲ. ಅಕ್ಕೋರು ಶಾಲೆಯಲ್ಲಿ ಹುಡುಗರು ಬೆಂಚಿನ ಕೆಳಗೆ ಆಡುತ್ತಿದ್ದ ಈ ಎಲೆಗಳನ್ನು ಕಸಿದುಕೊಂಡು, ಇದರಲ್ಲಿ ಅಂಥದ್ದೇನಿದೆ ಎಂದು ಇಂಗ್ಲಿಷ್ ಡಿಕ್ಷನರಿ ಇಟ್ಟುಕೊಂಡು ಓದಲು ಕೂತವರು ತಾವೇ ಅದರಲ್ಲಿ ಸಿಕ್ಕಿಬಿದ್ದಿದ್ದರಂತೆ. ಧಾರವಾಡದ ಒಂದು ಅಂಗಡಿಯ ಮಾಳಿಗೆ ಮೇಲೆ ರವಿವಾರ ಇದರ ಪೈಪೋಟಿ ನಡೆಯುತ್ತದೆ, ಕಾಲೇಜು ಹುಡುಗರ ನಡುವೆ ಇವರೊಬ್ಬರೇ ಸೀರೆ ಉಟ್ಟವರು ಎಂದು ಹೇಳಿ ನಗುತ್ತಿದ್ದರು.

ಆಟದ ರೀತಿ ಹೀಗೆ. ಪ್ರತಿಯೊಂದು ಎಲೆಯ ಮೇಲೆ ಒಂದು ಪ್ರಾಣಿಯೋ, ಒಂದು ಶಕ್ತಿಯೋ, ಒಂದು ಮದ್ದೋ ಇರುತ್ತದೆ. ನಮ್ಮ ಪ್ರಾಣಿ ಎದುರಿನವರ ಪ್ರಾಣಿಯನ್ನು ಹೊಡೆಯಬೇಕು. ಮೊದಲು ಆರನ್ನು ಉರುಳಿಸಿದವರು ಗೆದ್ದ ಹಾಗೆ. ಆಡುವವರು ತಮ್ಮ ಎಲೆಗಳನ್ನು ತಾವೇ ಆರಿಸಿ ಕಟ್ಟಿಕೊಂಡು ಬರಬೇಕು, ಅದಕ್ಕೆ ಡೆಕ್ ಎನ್ನುತ್ತಾರೆ. ಡೆಕ್ಕಿಗೆ ಅರವತ್ತೇ ಎಲೆ. ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ನಡೆಯುವುದಿಲ್ಲ. ಪೈಪೋಟಿಯಲ್ಲಿ ಹಳೇ ಎಲೆಗಳು ವರ್ಷಕ್ಕೊಮ್ಮೆ ಬಾದ್ ಆಗುತ್ತವೆ, ಮತ್ತೆ ಆಟಕ್ಕೆ ನಡೆಯುವುದಿಲ್ಲ, ಎಷ್ಟೇ ಒಳ್ಳೆಯವಿರಲಿ.

ನಮ್ಮಿಬ್ಬರ ಎಡಗೈಯೂ ಮೆಷಿನ್ನಿಗೆ ಕಟ್ಟು. ಎರಡು ಹಾಸಿಗೆಯ ನಡುವೆ ಊಟದ ಗಾಲಿಮೇಜು ಎಳೆದು, ಎಲೆಗಳನ್ನು ಬೋರಲು ಹರಡಿ, ಬಲ ಅಂಗೈಯಿಂದ ರೊಟ್ಟಿ ತಟ್ಟಿದ ಹಾಗೆ ತಿರುವಿ ಕಲಸುತ್ತಿದ್ದೆವು. ಆಟ ಕಲಿತ ಮೇಲೆ, "ಇನ್ನ ನನ್ನ ಡೆಕ್ಕಿನ್ಯಾಗ ಆಡೂದು ಸಾಕು. ನಿಂದು ನೀ ಕಟ್ಟು" ಎಂದು ಡಬ್ಬಿಯನ್ನೇ ನನ್ನ ಕಡೆ ದೂಡಿದರು. ನಾನು ಎಲೆ ಎತ್ತಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಇದನ್ನ ಹಾಕಿದ್ರ ಯಾವುದನ್ನ ತಗೀತಿ?"

ಆಗ ಮನೆಯಲ್ಲಿ ನನಗೂ ಅವ್ವನಿಗೂ ದಿನವೂ ಜಗಳ. ತನ್ನ ಕಿಡ್ನಿ ಕೊಡುತ್ತೇನೆ ಎಂದು ಅವ್ವ ಪಟ್ಟು ಹಿಡಿದಿದ್ದಳು. ತಪಾಸಣೆ ಮಾಡಿಸಿ ನೋಡೋಣ ಎಂದು ಬೆಳಗಾವಿಯ ಡಾಕ್ಟರೂ ಹೇಳಿದ್ದರು. ನಾನು ಒಲ್ಲೆ ಎನ್ನುತ್ತಿದ್ದೆ. ಅಪ್ಪ ಇಲ್ಲದ ಮನೆ, ಇರುವವಳು ಅವಳೊಬ್ಬಳು. ಅವಳ ಹೊಟ್ಟೆ ಕೊಯ್ದು ತೆಗೆದದ್ದು ನನ್ನ ಮೈಯಲ್ಲಿ ನಿಲ್ಲದೆ ಹೋದರೆ? ವಾರಕ್ಕೆ ಮೂರು ದಿನ ಸೂಜಿ ಚುಚ್ಚಿಸಿಕೊಂಡು ಹೇಗೋ ನಡೆದಿತ್ತಲ್ಲ, ನಡೆಯಲಿ ಎಂದುಕೊಂಡಿದ್ದೆ. ಅಕ್ಕೋರಿಗೆ ಇದೆಲ್ಲ ಗೊತ್ತಿತ್ತು, ಏನೂ ಅಂದಿರಲಿಲ್ಲ.

ನನ್ನ ಮೊದಲ ಡೆಕ್ ತಯಾರಾದ ಶುಕ್ರವಾರ ನಾನು ಬಹಳ ಹುರುಪಿನಲ್ಲಿದ್ದೆ. ಆಡಲು ಕೂತೆವು. ಅವರು ಹೊಡೆದರು, ನಾನು ಮದ್ದಿನ ಎಲೆ ಹಾಕಿ ನನ್ನ ಪ್ರಾಣಿಯ ಗಾಯ ಮಾಯಿಸಿದೆ. ಮತ್ತೆ ಹೊಡೆದರು, ಮತ್ತೆ ಮಾಯಿಸಿದೆ. ಅವರಿಗೆ ಗೆಲ್ಲಲು ಬಿಡಲಿಲ್ಲ. ಒಂದು ತಾಸು ಕಳೆದರೂ ಆಟ ಮುಗಿಯದೆ ಇದ್ದಾಗ ನಾನು ಎದೆಯುಬ್ಬಿಸಿ, "ನೋಡ್ರಿ ಅಕ್ಕೋರ, ನನ್ನವು ಒಂದೂ ಸತ್ತಿಲ್ಲ" ಎಂದೆ.

ಅವರು ನನ್ನ ಡೆಕ್ ಎಳೆದುಕೊಂಡು ಒಂದೊಂದೇ ಎಲೆ ತಿರುವಿದರು. "ಇದು ಮುಲಾಮು. ಇದು ಗುಳಿಗಿ. ಇದು ಸಲಾಯಿನ್. ಇದೂ ಗುಳಿಗಿ. ಇದು ಡೆಕ್ ಅಲ್ಲವ್ವಾ, ದವಾಖಾನಿ. ಹೊಡಿಯೂ ಎಲಿ ಎಲ್ಲದಾವು? ಪೈಪೋಟಿಯೊಳಗ ಟೈಮ್ ಆತಂದ್ರ ಮುಗೀತು. ಸಾಯಲಿಲ್ಲ ಅಂತ ಯಾರೂ ನಂಬರ್ ಕೊಡೂದಿಲ್ಲ."

ಇಷ್ಟೇ ಆಗಿದ್ದರೆ ನಕ್ಕುಬಿಡುತ್ತಿದ್ದೆ. ಅವರು ಎಲೆಗಳನ್ನು ಕೆಳಗಿಟ್ಟು ಗಾಜಿನ ಬಾಗಿಲ ಕಡೆ ನೋಡಿದರು. ಅಣ್ಣ ಗೋಡೆಗೆ ತಲೆಯಾನಿಸಿ ತೂಕಡಿಸುತ್ತಿದ್ದರು.

"ಅಲ್ಲಿ ಕುಂತಾನ ನೋಡು. ಮೊದಲನೇ ವರ್ಷ, ನಂದೊಂದು ಕಿಡ್ನಿ ತಗೋ ಅಂದ. ನಾ ಬ್ಯಾಡಂದೆ. ಹೆಂಡತಿ ಮಕ್ಕಳು ಇದ್ದಾಂವ, ಅಂವಗ ಯಾಕ ತ್ರಾಸ ಅಂತ. ನಾ ಭಾಳ ಒಳ್ಳೇಕಿ ಅಂತ ನನಗನಸಿತ್ತು. ಎರಡು ವರ್ಷಕ್ಕ ಅಂವಗ ಸಕ್ಕರಿ ಬ್ಯಾನಿ ಬಂತು. ಅಷ್ಟೊತ್ತಿಗೆ ನನಗ ಈ ಹಾಸಿಗಿ ಸಾಕಾಗಿತ್ತು. ನಾನಽ ನಾಚಿಕಿ ಬಿಟ್ಟು ಕೇಳಿದೆ, ಈಗ ಕೊಡತಿ ಏನೋ ಅಣ್ಣಾ ಅಂತ. ಕೊಡತೇನಿ ಅಂದ. ಡಾಕ್ಟರ್ ಆಗೂದಿಲ್ಲ ಅಂದ್ರು."

ಅವರ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ನಮ್ಮವ್ವಗ ಏನರ ಆದ್ರ?" ಎಂದೆ.

"ಆಗಬಹುದು. ಅದನ್ನ ಡಾಕ್ಟರ್ ನೋಡ್ತಾರ, ನಿಮ್ಮವ್ವ ನೋಡ್ತಾಳ. ಎಲ್ಲಾರ ಪರವಾಗಿ ಬ್ಯಾಡ ಅನ್ನಾಕ ನೀ ಯಾರು?"

ನನಗೆ ಮೈ ಉರಿದುಹೋಯಿತು. ಹೊದಿಕೆ ಎಳೆದುಕೊಂಡು ಆ ಕಡೆ ಮುಖ ಮಾಡಿದೆ. ಸೋಮವಾರ ಅವರು ಮೆಷಿನ್ ಬಿಡಿಸಿಕೊಂಡು ಹೊರಡುವಾಗ ನನ್ನ ಡೆಕ್ಕನ್ನು ನನ್ನ ಎದೆಯ ಮೇಲಿಟ್ಟು, "ಅರ್ಧಾ ತಗದು ಬಾ" ಎಂದರು, ಅಷ್ಟೇ.

ಮನೆಯಲ್ಲಿ ಚಾಪೆಯ ಮೇಲೆ ಎಲೆ ಹರಡಿಕೊಂಡು ಕೂತೆ. ಮದ್ದಿನ ಎಲೆಗಳನ್ನು ತೆಗೆದಿಡಲು ಕೈ ಬರುತ್ತಿರಲಿಲ್ಲ. ತೆಗೆದರೆ ನನ್ನ ಪ್ರಾಣಿಗಳು ಸಾಯುತ್ತವೆ, ಖಂಡಿತ ಸಾಯುತ್ತವೆ. ಒಂದು ತೆಗೆಯುವುದು, ಮತ್ತೆ ಒಳಗಿಡುವುದು. ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದಳು. ಆಟದ ಗಂಧಗಾಳಿ ಗೊತ್ತಿಲ್ಲದವಳು. "ಅಷ್ಟ್ಯಾಕ ಅಂಜಾಕತ್ತಿ, ಎಲಿ ಅಲ್ಲೇನ?" ಎಂದಳು. ನನಗೆ ಅಳು ಬಂತು. ಅಳುತ್ತಲೇ ಕೇಳಿದೆ, "ನಾಳೆ ಬೆಳಗಾವಿಗೆ ಹೋಗೂಣೇನವ್ವಾ?" ಅವ್ವ ಬುತ್ತಿಗೆ ಎಷ್ಟು ರೊಟ್ಟಿ ಕಟ್ಟಲಿ ಎಂದು ಕೇಳಿದಳು.

ತಪಾಸಣೆಗಳು ತಿಂಗಳುಗಟ್ಟಲೆ ನಡೆದವು. ಆ ನಡುವೆ ಒಂದು ರವಿವಾರ ಅಕ್ಕೋರು ಹಟ ಹಿಡಿದು ನನ್ನನ್ನು ಧಾರವಾಡಕ್ಕೆ ಕರೆದೊಯ್ದರು. ಅಣ್ಣ ಬೇಡವೆಂದಿದ್ದರು. ಶುಕ್ರವಾರ ಸೋಮವಾರದ ನಡುವಿನ ಅಂತರವೇ ನಮ್ಮಂಥವರಿಗೆ ಕೆಟ್ಟದ್ದು, ರವಿವಾರಕ್ಕೆ ಮೈಯೊಳಗೆ ನೀರು ತುಂಬಿ ಏದುಸಿರು ಬರುತ್ತದೆ. ಬಸ್ಸು ಕಿತ್ತೂರು ದಾಟುವಷ್ಟರಲ್ಲೇ ಅವರು ಕಿಟಕಿಗೆ ಒರಗಿದ್ದರು. ಮಾಳಿಗೆ ಮೆಟ್ಟಿಲನ್ನು ನಿಂತು ನಿಂತು ಹತ್ತಿದರು. ಎರಡೂ ಕೈ ಬಿಡುವಾಗಿದ್ದರೂ ರೂಢಿಯ ಮೇಲೆ ಒಂದೇ ಅಂಗೈಯಿಂದ ಎಲೆ ಕಲಸುತ್ತಿದ್ದುದನ್ನು ಎದುರಿನ ಹುಡುಗ ಪಿಳಿಪಿಳಿ ನೋಡಿದ. ಎರಡನೇ ಆಟಕ್ಕೇ ಅವರು ಕೈಬಿಟ್ಟು ಅಂಗಡಿಯ ಬೆಂಚಿನ ಮೇಲೆ ಮಲಗಬೇಕಾಯಿತು. ನಾನು ಒಂದು ಬಿಟ್ಟು ಉಳಿದೆಲ್ಲ ಆಟ ಸೋತೆ. ಓಡಿಹೋಗಿ ಗೆದ್ದ ಸುದ್ದಿ ಹೇಳಿದರೆ, ಕಣ್ಣು ತೆರೆಯದೆ, "ನಿನ್ನವು ಎಷ್ಟು ಸತ್ತು?" ಎಂದರು. ಐದು ಎಂದೆ. "ಹಂಗಾದ್ರ ಸರಿಯಾಗಿ ಆಡೀದಿ" ಎಂದರು.

ಅವ್ವನ ಕಿಡ್ನಿ ಹೊಂದಿತು. ಆಪರೇಷನ್ನಿಗೆ ಹೋಗುವ ಮುಂಚಿನ ಶುಕ್ರವಾರ ಅಕ್ಕೋರು ನನಗೆ ಶುಭವಾಗಲಿ ಎಂದೂ ಹೇಳಲಿಲ್ಲ. "ಇಲ್ಲಿ ಮತ್ತ ಬರಬ್ಯಾಡ, ನನ್ನ ನೋಡಾಕೂ ಬರಬ್ಯಾಡ" ಎಂದರು. ನನ್ನ ಹಾಸಿಗೆಗೆ ಆಗಲೇ ಬೇರೆ ಯಾರದೋ ಹೆಸರು ಬರೆದಾಗಿತ್ತು.

ಹೊಸ ಕಿಡ್ನಿ ಹಾಕಿದ ಮೇಲೆ ಸೋಂಕು ತಗಲಬಾರದೆಂದು ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿರಬೇಕು. ನಾನು ಆ ಕೋಣೆಯಲ್ಲಿದ್ದಾಗಲೇ ಒಂದು ಸೋಮವಾರ ಅವರ ಅಣ್ಣ ಫೋನ್ ಮಾಡಿದರು. ದವಾಖಾನೆಗೆ ಹೊರಡಲೆಂದು ಸೀರೆ ಉಟ್ಟು ಚಪ್ಪಲಿ ಮೆಟ್ಟುವಾಗ ಉಸಿರು ಕಟ್ಟಿ ಹೊಸ್ತಿಲಲ್ಲೇ ಕುಸಿದು ಜೀವ ಬಿಟ್ಟರಂತೆ. ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ಹೊಟ್ಟೆಯ ಗಾಯ ಇನ್ನೂ ಮಾಯದ ಅವ್ವನಿಗೂ ಆಗಲಿಲ್ಲ. ಕಿಟಕಿ ಹಾಕಿದ ಆ ಕೋಣೆಯಲ್ಲಿ ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒಬ್ಬಳೇ ಅತ್ತೆ.

ಹೊರಗೆ ತಿರುಗಾಡಲು ಡಾಕ್ಟರು ಒಪ್ಪಿದ ಮೇಲೆ ನಾನು ಮೊದಲು ಹೋದದ್ದು ಮುರಗೋಡಕ್ಕೆ, ಅಕ್ಕೋರ ಮನೆಗೆ. ಅಣ್ಣ ಬಹಳ ಇಳಿದುಹೋಗಿದ್ದರು. ಚಹಾ ತರಿಸಿದರು. "ನಿಮ್ಮವ್ವ ಆರಾಮ ಅದಾರೇನ್ರಿ?" ಎಂದು ಕೇಳಿದರು. ಹೊಲದ ಕೆಲಸಕ್ಕೂ ಹೋಗುತ್ತಿದ್ದಾಳೆ ಎಂದೆ. ಅವರು ನೆಲ ನೋಡುತ್ತ, "ನಾನೂ ಕೊಡಾಂವನಽ ಇದ್ನಿರಿ" ಎಂದರು.

"ಗೊತ್ತೈತ್ರಿ. ಅಕ್ಕೋರು ಹೇಳಿದ್ರು."

"ಹೇಳಿದ್ಲಾ? ಏನಂತ ಹೇಳಿದ್ಲ್ರಿ?"

ಅಕ್ಕೋರು ಸಿಟ್ಟಿನಲ್ಲಿ ಹೇಳಿದ್ದನ್ನೆಲ್ಲ ನಾನು ಹೇಳಲಿಲ್ಲ. "ಎರಡೂ ಸಲ ಅಣ್ಣ ಕೊಡತೇನಿ ಅಂದ, ಅಂತ ಹೇಳಿದ್ರು" ಎಂದೆ. ಅಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು.